ಎಲೆ ಹಂಚುವ ಮುನ್ನ: ಆನ್‌ಲೈನ್ ತಂಡ ಪಂದ್ಯಾವಳಿ ನಡೆಸುವವರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಇಸ್ಪೀಟಿನ ತಂಡ ಪಂದ್ಯಾವಳಿಗಳ ಬಗ್ಗೆಯೇ ಹೆಚ್ಚು ಪತ್ರಗಳಿವೆ, ಅದರಲ್ಲೂ ಬ್ರಿಜ್ ಆಟದವು. ದೂರದೂರದಲ್ಲಿ ಚದುರಿದ ಗೆಳೆಯರು, ಸಹೋದ್ಯೋಗಿಗಳು, ನೆಂಟರು ಅಂತರ್ಜಾಲದಲ್ಲಿ ಸೇರಿ ಆಡಲು ಹೊರಟಿದ್ದಾರೆ. ನಡೆಸುವ ಹೊಣೆ ಯಾರೋ ಒಬ್ಬರ ಹೆಗಲಿಗೆ ಬಿದ್ದಿದೆ. ಆ ಒಬ್ಬರಿಗಾಗಿಯೇ ಈ ಕಂತನ್ನು ಪೂರ್ತಿ ಮೀಸಲಿಟ್ಟಿದ್ದೇನೆ. ಇಂಥ ಪಂದ್ಯಾವಳಿಗಳನ್ನು ಬಹುಕಾಲದಿಂದ ನಡೆಸುತ್ತಾ ಬಂದ ನನಗೆ ಒಂದು ಹಟವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿಯ ಕೊನೆಯಲ್ಲಿರುವ ತಂಡಕ್ಕೂ ಕೊನೆಯ ಸುತ್ತಿನಲ್ಲಿ ಮನಸ್ಸಿಟ್ಟು ಆಡಲು ಕಾರಣವಿರಬೇಕು. ಕೆಳಗಿನ ಉತ್ತರಗಳು ಬಹುಮಟ್ಟಿಗೆ ಆ ಕಡೆಗೇ ವಾಲುತ್ತವೆ.

ಪ್ರಶ್ನೆ: ಕಚೇರಿಯಲ್ಲಿ ಬ್ರಿಜ್ ಪಂದ್ಯಾವಳಿ ಮಾಡೋಣ ಎಂದೆ. ಹಿರಿಯರೊಬ್ಬರು, "ಒಳ್ಳೆಯ ಎಲೆ ಬಂದವರು ಗೆಲ್ಲುತ್ತಾರೆ, ಅದಕ್ಕೆ ಪಂದ್ಯಾವಳಿ ಯಾಕೆ?" ಎಂದು ನಕ್ಕುಬಿಟ್ಟರು. ಅವರಿಗೆ ಏನೆಂದು ಹೇಳಲಿ?

ನಾಲ್ವರು ಒಂದೇ ಮೇಜಿನಲ್ಲಿ ಕುಳಿತು ಒಂದು ಸಂಜೆ ಆಡಿದರೆ ಅವರ ಮಾತು ಸರಿ. ತಂಡದ ಆಟದಲ್ಲಿ ಅದು ನಿಲ್ಲುವುದಿಲ್ಲ. ಹೇಗೆಂದು ಅವರಿಗೆ ಬಿಡಿಸಿ ಹೇಳಿ.

ಒಂದು ತಂಡದಲ್ಲಿ ನಾಲ್ವರು. ಅವರಲ್ಲಿ ಇಬ್ಬರು ಒಂದನೆಯ ಮೇಜಿನಲ್ಲಿ ಉತ್ತರ ಮತ್ತು ದಕ್ಷಿಣದ ಕುರ್ಚಿಗಳಲ್ಲಿ, ಇನ್ನಿಬ್ಬರು ಎರಡನೆಯ ಮೇಜಿನಲ್ಲಿ ಪೂರ್ವ ಮತ್ತು ಪಶ್ಚಿಮದ ಕುರ್ಚಿಗಳಲ್ಲಿ. ಉಳಿದ ನಾಲ್ಕು ಕುರ್ಚಿಗಳು ಎದುರಾಳಿ ತಂಡಕ್ಕೆ. ಎರಡೂ ಮೇಜುಗಳಿಗೆ ಬರುವುದು ಒಂದೇ ಹಂಚಿಕೆ. ಒಂದನೆಯ ಮೇಜಿನಲ್ಲಿ ಉತ್ತರದ ಕುರ್ಚಿಗೆ ನಾಲ್ಕು ಎಕ್ಕಗಳೂ ಬಂದಿದ್ದರೆ ಎರಡನೆಯ ಮೇಜಿನಲ್ಲೂ ಉತ್ತರದ ಕುರ್ಚಿಗೆ ಅವೇ ನಾಲ್ಕು ಎಕ್ಕಗಳು, ಆದರೆ ಅಲ್ಲಿ ಕುಳಿತಿರುವವರು ಎದುರಾಳಿಗಳು. ಎಲೆಯ ಭಾಗ್ಯ ಎರಡೂ ತಂಡಗಳಿಗೆ ಒಂದೇ. ಆ ಎಲೆಗಳಿಂದ ಯಾರು ಎಷ್ಟು ಹೊರಡಿಸಿದರು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಹಂಚಿಕೆಯಲ್ಲಿ ನಿಮ್ಮ ಜೋಡಿ ನಾಲ್ಕು ಸ್ಪೇಡ್ ಬಿಡ್ ಮಾಡಿತು, ಎಂದರೆ ಸ್ಪೇಡನ್ನು ತುರುಫಾಗಿಟ್ಟು ಹತ್ತು ಟ್ರಿಕ್ (ನಾಲ್ವರು ಹಾಕಿದ ನಾಲ್ಕು ಎಲೆಗಳ ಗುಂಪು) ಗೆಲ್ಲುತ್ತೇವೆಂದು ಮೊದಲೇ ಸಾರಿತು, ಹತ್ತನ್ನೂ ಗೆದ್ದಿತು. ಅದಕ್ಕೆ 420 ಅಂಕ. ಇನ್ನೊಂದು ಮೇಜಿನಲ್ಲಿ ಅವೇ ಎಲೆ ಹಿಡಿದ ಎದುರಾಳಿಗಳು ಅಳುಕಿ ಎರಡು ಸ್ಪೇಡಿಗೇ, ಎಂದರೆ ಎಂಟು ಟ್ರಿಕ್ಕಿನ ಮಾತಿಗೇ ನಿಂತರು. ಅವರೂ ಹತ್ತು ಟ್ರಿಕ್ ಗೆದ್ದರು, ಆದರೆ ಸಿಕ್ಕಿದ್ದು 170. ವ್ಯತ್ಯಾಸ 250. ಆಟಗಾರರು ಇಂಪ್ ಎಂದು ಕರೆಯುವ ಅಂತರರಾಷ್ಟ್ರೀಯ ಪಂದ್ಯ ಅಂಕದ ಕೋಷ್ಟಕದಲ್ಲಿ ಇದಕ್ಕೆ 6 ಇಂಪ್, ನಿಮ್ಮ ತಂಡಕ್ಕೆ. ಈ ಕೋಷ್ಟಕದ ಸೊಗಸು ಅದು ದೊಡ್ಡ ವ್ಯತ್ಯಾಸಗಳನ್ನು ಕುಗ್ಗಿಸುವ ರೀತಿಯಲ್ಲಿದೆ. 250ಕ್ಕೆ 6 ಇಂಪ್ ಸಿಕ್ಕರೆ ಅದರ ಎಂಟು ಪಟ್ಟಾದ 2000ಕ್ಕೆ ಸಿಗುವುದು 19 ಮಾತ್ರ. ಒಂದು ಹಂಚಿಕೆಯಲ್ಲಿ ಮುಗ್ಗರಿಸಿದ ತಂಡ ಉಳಿದವುಗಳಲ್ಲಿ ಎದ್ದು ನಿಲ್ಲಬಹುದು.

ವಿಶ್ವಮಟ್ಟದ ಬರ್ಮುಡಾ ಬೌಲ್ ಸ್ಪರ್ಧೆ 1950ರಲ್ಲಿ ಆರಂಭವಾದಾಗಿನಿಂದ ತಂಡಗಳದ್ದೇ ಸ್ಪರ್ಧೆ. ಕಾಗದದ ಎಲೆಗಳಾದರೆ ಹಂಚಿಕೆಯನ್ನು ಬೋರ್ಡ್ ಎಂಬ ತಟ್ಟೆಯಲ್ಲಿಟ್ಟು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬೇಕು. ಹಂಚಿಕೆಯನ್ನೂ ಬೋರ್ಡ್ ಎನ್ನುವ ರೂಢಿಯಿದೆ. ಅಂತರ್ಜಾಲದಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ. ಬ್ರಿಜ್ ಬೇಸ್ ಆನ್‌ಲೈನ್ ತಾಣದಲ್ಲಿ ತಂಡ ಪಂದ್ಯವೆಂದು ಆರಿಸಿ ಎಂಟು ಜನರ ಹೆಸರು ತುಂಬಿದರೆ ಎರಡು ಮೇಜುಗಳೂ ಸಿದ್ಧ, ಇಂಪ್ ಲೆಕ್ಕವೂ ಅಲ್ಲೇ ಆಗುತ್ತದೆ. ನಕ್ಕ ಹಿರಿಯರನ್ನು ಮೊದಲ ಪಂದ್ಯಕ್ಕೆ ಒಂದು ತಂಡದಲ್ಲಿ ಸೇರಿಸಿಕೊಳ್ಳಿ. ಎರಡು ಮೇಜುಗಳ ಫಲಿತಾಂಶವನ್ನು ಅಕ್ಕಪಕ್ಕ ನೋಡಿದ ಮೇಲೂ ಅದೇ ಮಾತು ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಪ್ರಶ್ನೆ: ನಮ್ಮಲ್ಲಿ ಎಂಟು ತಂಡಗಳಿವೆ. ಸೋತವರು ಹೊರಹೋಗುವಂತೆ ನಾಕೌಟ್ ಇಡಬೇಕೆಂದಿದ್ದೇವೆ. ಬೇಗ ಮುಗಿಯುತ್ತದಲ್ಲವೇ?

ಬೇಗ ಮುಗಿಯುತ್ತದೆ, ನಿಜ. ಆದರೆ ಮೊದಲ ಸಂಜೆಯೇ ನಾಲ್ಕು ತಂಡಗಳಿಗೆ, ಎಂದರೆ ಹದಿನಾರು ಜನರಿಗೆ ಎಲ್ಲವೂ ಮುಗಿದುಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅವರೆಲ್ಲ ಆಡಲು ಬಂದವರು. ಮೊದಲ ದಿನ ಹೊರಬೀಳುವುದು ಸಾಮಾನ್ಯವಾಗಿ ಹೊಸಬರೇ. ಹೆಚ್ಚು ಆಟ ಬೇಕಾದವರಿಗೇ ಕಡಿಮೆ ಆಟ ಸಿಗುವ ವ್ಯವಸ್ಥೆಯನ್ನು ಗೆಳೆಯರ ನಡುವೆ ಯಾಕೆ ತರಬೇಕು?

ಸ್ವಿಸ್ ಪದ್ಧತಿಯನ್ನು ಇಟ್ಟುಕೊಳ್ಳಿ. ಇದು 1895ರಲ್ಲಿ ಜ್ಯೂರಿಕ್‌ನ ಒಂದು ಚದುರಂಗ ಸ್ಪರ್ಧೆಯಲ್ಲಿ ಮೊದಲು ಬಳಕೆಗೆ ಬಂತು, ಹೆಸರೂ ಹಾಗೆಯೇ ಬಂತು. ಮೊದಲ ಸುತ್ತಿಗೆ ಚೀಟಿ ಎತ್ತಿ ಜೋಡಿಸಿ. ಎರಡನೆಯ ಸುತ್ತಿನಿಂದ ಹೆಚ್ಚುಕಡಿಮೆ ಒಂದೇ ಅಂಕದಲ್ಲಿರುವ ತಂಡಗಳನ್ನು ಎದುರುಬದುರು ಕೂರಿಸಿ. ಒಮ್ಮೆ ಆಡಿದವರು ಮತ್ತೆ ಎದುರಾಗಕೂಡದು. ಗೆಲ್ಲುವವರಿಗೆ ಗೆಲ್ಲುವವರು, ತಡವರಿಸುವವರಿಗೆ ತಡವರಿಸುವವರು. ಎರಡು ಸುತ್ತು ಕಳೆಯುವಷ್ಟರಲ್ಲಿ ಪ್ರತಿ ಮೇಜಿನಲ್ಲೂ ಸಮಬಲದ ಪಂದ್ಯ ನಡೆಯತೊಡಗುತ್ತದೆ. ಎಂಟು ತಂಡಗಳಲ್ಲಿ ಒಂದೂ ಸೋಲದ ತಂಡ ಒಂದಕ್ಕಿಂತ ಹೆಚ್ಚು ಉಳಿಯದಿರಲು ಮೂರು ಸುತ್ತು ಸಾಕು, ಹದಿನಾರಾದರೆ ನಾಲ್ಕು. ನಾನಾದರೆ ಇನ್ನೊಂದು ಸುತ್ತು ಸೇರಿಸುತ್ತೇನೆ, ಮೊದಲ ಸುತ್ತಿನ ಚೀಟಿ ಕೈಕೊಟ್ಟವರಿಗೆ ಚೇತರಿಸಿಕೊಳ್ಳಲು ಜಾಗ ಸಿಗಲಿ ಎಂದು.

ಪ್ರತಿ ಪಂದ್ಯದ ಇಂಪ್‌ಗಳನ್ನು ನೇರವಾಗಿ ಕೂಡಿಸುತ್ತಾ ಹೋಗಬೇಡಿ. ಹೊಸ ತಂಡವೊಂದನ್ನು 60 ಇಂಪ್‌ಗಳಿಂದ ಮಣಿಸಿದವರು ಆಮೇಲೆ ಯಾರ ಕೈಗೂ ಸಿಗುವುದಿಲ್ಲ. ಅದಕ್ಕಾಗಿ ವಿಜಯಾಂಕದ ಕೋಷ್ಟಕವಿದೆ. ಪಂದ್ಯವೊಂದಕ್ಕೆ 20 ಅಂಕ, ಅದನ್ನು ಎರಡೂ ತಂಡಗಳು ಹಂಚಿಕೊಳ್ಳುತ್ತವೆ. ಸಮವಾದರೆ ಹತ್ತು ಹತ್ತು, ಎಷ್ಟೇ ಭಾರೀ ಗೆಲುವಾದರೂ ಇಪ್ಪತ್ತಕ್ಕಿಂತ ಹೆಚ್ಚಿಲ್ಲ. ಸೋತವರೂ ಹೋರಾಡಿ ಅಂತರ ತಗ್ಗಿಸಿದರೆ ಏಳೋ ಎಂಟೋ ಅಂಕ ಒಯ್ಯುತ್ತಾರೆ. ಕೊನೆಯ ಬೋರ್ಡಿನವರೆಗೂ ಬಿಗಿ ಉಳಿಯುವುದು ಇದರಿಂದ. ವಿಶ್ವ ಬ್ರಿಜ್ ಒಕ್ಕೂಟವು 2013ರಲ್ಲಿ ದಶಮಾಂಶ ಇರುವ ಕೋಷ್ಟಕವನ್ನು ಜಾರಿಗೆ ತಂದಿತು. ಅದನ್ನೇ ಬಳಸಿದರೆ ಸಮಾಂಕದ ತಕರಾರುಗಳೂ ಕಡಿಮೆಯಾಗುತ್ತವೆ.

ತಂಡಗಳು ಆರೇ ಇದ್ದರೆ ಸ್ವಿಸ್ ಬೇಡ. ಎಲ್ಲರೂ ಎಲ್ಲರೊಂದಿಗೆ ಆಡಲಿ. ಐದು ಸುತ್ತು, ಹದಿನೈದು ಪಂದ್ಯ. ಪಟ್ಟಿ ಮಾಡುವುದು ಸುಲಭ. ಮೇಲಿನ ಸಾಲಿನಲ್ಲಿ 1, 2, 3. ಅವುಗಳ ಕೆಳಗೆ 6, 5, 4 ಎಂದು ಬರೆಯಿರಿ. ಮೇಲೆ ಕೆಳಗೆ ಇರುವವರು ಎದುರಾಳಿಗಳು. ಮುಂದಿನ ಸುತ್ತಿಗೆ 1 ಅನ್ನು ಕದಲಿಸದೆ ಉಳಿದ ಐದು ಅಂಕಿಗಳನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಸಿ. ಈಗ 1ಕ್ಕೆ 5, 6ಕ್ಕೆ 4, 2ಕ್ಕೆ 3 ಎದುರಾಗುತ್ತಾರೆ. ಹೀಗೆ ಐದು ಸುತ್ತು ಮುಗಿಯುವಾಗ ಯಾರೂ ಯಾರನ್ನೂ ತಪ್ಪಿಸಿಕೊಂಡಿರುವುದಿಲ್ಲ.

ಏಳೋ ಒಂಬತ್ತೋ ತಂಡಗಳು ಬಂದರೆ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕಾಗುತ್ತದೆ. ಸಂಜೆಯನ್ನು ಬಿಡುವು ಮಾಡಿಕೊಂಡು ಬಂದವರಿಗೆ ಅದು ಬೇಸರ. ಬದಲಿ ಆಟಗಾರರನ್ನು ಸೇರಿಸಿ ಇನ್ನೊಂದು ತಂಡವನ್ನೇ ಕಟ್ಟಿಬಿಡಿ. ಅವರ ಅಂಕ ಪಟ್ಟಿಯಲ್ಲಿ ಇರಲಿ, ಪ್ರಶಸ್ತಿಗೆ ಮಾತ್ರ ಬೇಡ.

ಪ್ರಶ್ನೆ: ಒಂದು ಪಂದ್ಯಕ್ಕೆ ಎಷ್ಟು ಹಂಚಿಕೆಗಳು? ಎಷ್ಟು ಹೊತ್ತು?

ಎಂಟು ಹಂಚಿಕೆ, ಒಂದು ಗಂಟೆ. ಬೋರ್ಡೊಂದಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ. ಐವತ್ತೈದು ನಿಮಿಷ ಆದ ಮೇಲೆ ಹೊಸ ಬೋರ್ಡ್ ಶುರು ಮಾಡುವಂತಿಲ್ಲ, ಆಡದೆ ಉಳಿದದ್ದು ರದ್ದು. ಸ್ವಿಸ್ ಪದ್ಧತಿಯಲ್ಲಿ ಎಲ್ಲ ಪಂದ್ಯಗಳೂ ಮುಗಿಯದೆ ಮುಂದಿನ ಜೋಡಣೆ ಆಗುವುದಿಲ್ಲ. ನಿಧಾನದ ಒಂದು ಮೇಜು ಇಡೀ ಕೂಟವನ್ನು ಕಾಯಿಸುತ್ತದೆ. ಒಂದು ಸಂಜೆಗೆ ಎರಡು ಪಂದ್ಯ ಸಾಕು, ಮೂರನೆಯದರಲ್ಲಿ ದಣಿದವರು ಆಡುತ್ತಾರೆ.

ಪ್ರಶ್ನೆ: ಯಂತ್ರ ಹಂಚುವ ಎಲೆಗಳು ವಿಚಿತ್ರವಾಗಿರುತ್ತವೆ. ಒಬ್ಬರಿಗೆ ಒಂದು ರಂಗಿನ ಏಳು ಎಲೆ, ಇನ್ನೊಬ್ಬರಿಗೆ ಆ ರಂಗಿನ ಒಂದೂ ಇಲ್ಲ. ಕೈಯಲ್ಲಿ ಹಂಚುವಾಗ ಹೀಗಾಗುತ್ತಿರಲಿಲ್ಲ. ತಾಣದವರು ಬೇಕೆಂದೇ ಹೀಗೆ ಮಾಡುತ್ತಾರೆಯೇ?

ಪಂದ್ಯಾವಳಿ ಆರಂಭವಾದ ವಾರದಲ್ಲಿ ಈ ದೂರು ಬರದೆ ಇರುವುದಿಲ್ಲ. ಕೇಳಿದವರ ಅನುಮಾನ ಪ್ರಾಮಾಣಿಕವಾದದ್ದೇ, ಅದಕ್ಕೆ ಸರಿಯಾದ ಉತ್ತರ ಕೊಡಬೇಕು.

ವಿಚಿತ್ರ ಇರುವುದು ಕೈಯ ಹಂಚಿಕೆಯಲ್ಲಿ. ಆಟ ಮುಗಿದಾಗ ಎಲೆಗಳು ಟ್ರಿಕ್‌ಗಳಾಗಿ ಗುಡ್ಡೆಬಿದ್ದಿರುತ್ತವೆ. ಒಂದು ಟ್ರಿಕ್‌ನಲ್ಲಿ ಹೆಚ್ಚಾಗಿ ಒಂದೇ ರಂಗಿನ ನಾಲ್ಕು ಎಲೆಗಳು ಒಟ್ಟಿಗೆ ಇರುತ್ತವೆ. ನಾವು ಎರಡು ಮೂರು ಸಲ ಕಲಸಿ ಹಂಚಲು ತೊಡಗುತ್ತೇವೆ. ಆ ನಾಲ್ಕು ಎಲೆಗಳು ಸಾಲಾಗಿಯೇ ಉಳಿದಿದ್ದರೆ ನಾಲ್ವರಿಗೂ ಒಂದೊಂದು ಹೋಗುತ್ತವೆ. ಹೀಗಾಗಿ ಎಲ್ಲರ ಕೈಯಲ್ಲೂ ರಂಗುಗಳು ಇರಬೇಕಾದ್ದಕ್ಕಿಂತ ಸಮನಾಗಿ ಹರಡಿಕೊಳ್ಳುತ್ತವೆ. ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕಟ್ಟನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಬೆರೆಸುವ ಕಲಸುವಿಕೆಯನ್ನು ಏಳು ಸಲವಾದರೂ ಮಾಡಿದರೇ 52 ಎಲೆಗಳು ತಕ್ಕಮಟ್ಟಿಗೆ ಬೆರೆಯುತ್ತವೆ. ಮಾತಾಡುತ್ತಾ ಆಡುವಾಗ ಏಳು ಸಲ ಕಲಸುವವರು ಯಾರಿದ್ದಾರೆ?

ಯಂತ್ರ ಪೂರ್ತಿ ಕಲಸುತ್ತದೆ. ಹಾಗೆ ಕಲಸಿದಾಗ ಒಬ್ಬರ ಕೈಯಲ್ಲಿ ನಾಲ್ಕು ರಂಗುಗಳ ಎಲೆಗಳು ಅತಿ ಹೆಚ್ಚು ಸಲ ಬರುವ ಹರಹು 4-4-3-2, ಶೇಕಡಾ 21.6ರಷ್ಟು. ಎಲ್ಲಕ್ಕಿಂತ ಚಪ್ಪಟೆಯಾದ 4-3-3-3 ಬರುವುದು ಶೇಕಡಾ 10.5ರಷ್ಟು ಮಾತ್ರ. ಒಂದು ರಂಗು ಪೂರ್ತಿ ಇಲ್ಲದ ಕೈ ಶೇಕಡಾ 5ರಷ್ಟು, ಎಂದರೆ ಇಪ್ಪತ್ತರಲ್ಲಿ ಒಂದು. ಮೇಜಿನಲ್ಲಿ ನಾಲ್ಕು ಕೈಗಳಿರುವುದರಿಂದ ಎಂಟು ಹಂಚಿಕೆಗಳ ಪಂದ್ಯದಲ್ಲಿ ಒಂದೆರಡು ಸಲ ಇಂಥ ಕೈ ಕಾಣಿಸಿಕೊಳ್ಳುವುದು ಸಹಜ. ಬ್ರಿಜ್‌ನಲ್ಲಿ ಸಾಧ್ಯವಿರುವ ಹಂಚಿಕೆಗಳ ಸಂಖ್ಯೆಯೇ 29 ಅಂಕಿಗಳಷ್ಟು ಉದ್ದ. ಇಷ್ಟರ ಮೇಲೂ ಅನುಮಾನ ಉಳಿದರೆ, ಅವೇ ಎಲೆಗಳು ಎದುರು ತಂಡಕ್ಕೂ ಬಂದಿವೆ ಎಂಬುದನ್ನು ನೆನಪಿಸಿ.

ಪ್ರಶ್ನೆ: ನಮ್ಮ ತಂಡಗಳಲ್ಲಿ ಯುರೋಪ್, ಅಮೆರಿಕಗಳಲ್ಲಿ ಇರುವವರೂ ಇದ್ದಾರೆ. ಸಮಯದ ಗೊಂದಲ ತಪ್ಪಿಸುವುದು ಹೇಗೆ?

ಪ್ರಕಟಣೆಯಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯವನ್ನು ಮೊದಲು ಬರೆದು ಅದರ ಮುಂದೆ ಪ್ರತಿ ಪ್ರದೇಶದ ಸಮಯವನ್ನು, ದಿನಾಂಕ ಸಹಿತ, ಬರೆಯಿರಿ. ದಿನಾಂಕ ಬಿಟ್ಟರೆ ಮಧ್ಯರಾತ್ರಿಯ ಆಚೀಚೆ ಇರುವವರು ಒಂದು ದಿನ ತಪ್ಪಿ ಬರುತ್ತಾರೆ. ಮಾರ್ಚ್ ಮತ್ತು ಅಕ್ಟೋಬರ್–ನವೆಂಬರ್‌ಗಳಲ್ಲಿ ಇನ್ನೊಂದು ತೊಡಕಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗಡಿಯಾರವನ್ನು ಮುಂದಕ್ಕಿಡುವುದು ಮಾರ್ಚ್ ಎರಡನೆಯ ಭಾನುವಾರ, ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ಹಿಂದಕ್ಕಿಡುವುದು ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಇಬ್ಬರ ಅಂತರ ಒಂದು ಗಂಟೆ ಬದಲಾಗಿರುತ್ತದೆ. ಸಾಧ್ಯವಾದರೆ ಆ ವಾರಗಳಲ್ಲಿ ಸುತ್ತು ಇಡಲೇಬೇಡಿ.

ಒಂದು ಪ್ರದೇಶದವರಿಗೆ ಮಾತ್ರ ಪ್ರತಿ ಸಲವೂ ನಡುರಾತ್ರಿ ಬಾರದಂತೆ ನೋಡಿಕೊಳ್ಳಿ. ಸುತ್ತಿನಿಂದ ಸುತ್ತಿಗೆ ಸಮಯ ಸರಿಸಿ, ಕಷ್ಟವನ್ನು ಹಂಚಿಕೊಳ್ಳಲಿ. ತಂಡಕ್ಕೆ ನಾಲ್ವರೇ ಎಂದು ಬಿಗಿ ಮಾಡಬೇಡಿ. ಆರು ಜನರವರೆಗೆ ಇರಲಿ, ಪ್ರತಿಯೊಬ್ಬರಿಗೂ ಪಂದ್ಯಾವಳಿಯ ಅರ್ಧದಷ್ಟಾದರೂ ಆಟ ಸಿಗಬೇಕೆಂಬ ನಿಯಮವಿರಲಿ. ಆಗ ಒಬ್ಬರಿಗೆ ಜ್ವರ ಬಂದರೆ ಏಳು ಜನರ ಸಂಜೆ ಹಾಳಾಗುವುದಿಲ್ಲ.

ಪ್ರಶ್ನೆ: ಆಟದ ನಡುವೆ ಒಬ್ಬರ ಸಂಪರ್ಕ ಕಡಿದುಹೋಯಿತು. ಎದುರಾಳಿಗಳು "ನಾವು ಗೆದ್ದೆವು" ಎಂದರು. ಏನು ಮಾಡಬೇಕಿತ್ತು?

ಹತ್ತು ನಿಮಿಷ ಕಾಯಬೇಕಿತ್ತು. ಬರದಿದ್ದರೆ ಬದಲಿ ಆಟಗಾರರನ್ನು ಆ ಕುರ್ಚಿಗೆ ಕೂರಿಸಬೇಕಿತ್ತು. ಬದಲಿ ಬರುವವರು ಆ ಹಂಚಿಕೆಯನ್ನು ಇನ್ನೊಂದು ಮೇಜಿನಲ್ಲಿ ನೋಡಿರಬಾರದು, ಅಷ್ಟೇ. ಯಾರೂ ಸಿಗದೆ ಬೋರ್ಡ್ ಅರ್ಧಕ್ಕೆ ನಿಂತರೆ ಅದಕ್ಕೂ ದಾರಿಯಿದೆ. ಒಂದೇ ಹಂಚಿಕೆಯನ್ನು ಬೇರೆ ಬೇರೆ ಮೇಜುಗಳಲ್ಲಿ ಆಡುವ ಡ್ಯೂಪ್ಲಿಕೇಟ್ ಬ್ರಿಜ್‌ನ 2017ರ ನಿಯಮಗಳಲ್ಲಿ, ಆಡಿ ಮುಗಿಸಲಾಗದ ಬೋರ್ಡಿಗೆ ನಿರ್ದೇಶಕರು ಕೊಡುವ ಕೃತಕ ಅಂಕ ಸಾಮಾನ್ಯವಾಗಿ ತಪ್ಪಿಲ್ಲದ ಕಡೆಗೆ 3 ಇಂಪ್. ಗೆಳೆಯರ ಕೂಟದಲ್ಲಿ ನಾನು ಅದನ್ನೂ ಕೊಡುವುದಿಲ್ಲ. ಸಂಪರ್ಕ ಕಡಿಯುವುದು ಯಾರ ತಪ್ಪೂ ಅಲ್ಲ ಎಂದು ಆ ಬೋರ್ಡನ್ನು ಬಿಟ್ಟುಬಿಡುತ್ತೇನೆ. ಒಂದೇ ತಂಡಕ್ಕೆ ಪದೇ ಪದೇ, ಅದೂ ಸೋಲುವ ಬೋರ್ಡುಗಳಲ್ಲೇ ಹೀಗಾದರೆ ಮಾತ್ರ 3 ಇಂಪ್ ನಿಯಮವನ್ನು ಕೈಗೆತ್ತಿಕೊಳ್ಳಿ. ನೀವು ಯಾವುದನ್ನು ಆರಿಸಿದರೂ ಮೊದಲ ಎಲೆ ಹಂಚುವ ಮುನ್ನವೇ ಅದು ಬರಹದಲ್ಲಿರಬೇಕು. ಘಟನೆ ನಡೆದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಒಂದು ಕಡೆಯವರಿಗೆ ಪಕ್ಷಪಾತವಾಗಿಯೇ ಕಾಣುತ್ತದೆ.

ಪ್ರಶ್ನೆ: ಗಂಡ ಹೆಂಡತಿ ಒಂದೇ ಮನೆಯಿಂದ ಆಡುತ್ತಾರೆ. ಜೊತೆಗಾರರಾಗಿ ಒಂದೇ ಮೇಜಿನಲ್ಲಿ ಕೂರಿಸಿದರೆ ಪರದೆ ಕಾಣಬಹುದು ಎಂದು ಅವರನ್ನು ಎರಡು ಬೇರೆ ಮೇಜುಗಳಿಗೆ ಹಾಕಿದ್ದೇನೆ. ಸರಿಯೇ?

ಮೊದಲಿಗಿಂತ ಇದೇ ಹೆಚ್ಚು ಅಪಾಯ. ಬೇರೆ ಮೇಜಾದರೂ ಹಂಚಿಕೆ ಒಂದೇ ಎಂಬುದನ್ನು ಮರೆಯಬೇಡಿ. ಐದನೆಯ ಬೋರ್ಡನ್ನು ಒಬ್ಬರು ಮೊದಲು ಮುಗಿಸಿ "ಅಯ್ಯೋ, ರಾಣಿ ಪಶ್ಚಿಮದ ಕೈಯಲ್ಲಿತ್ತು" ಎಂದು ನಿಟ್ಟುಸಿರಿಟ್ಟರೆ, ಇನ್ನೂ ಐದನೆಯ ಬೋರ್ಡಿಗೆ ಬಾರದ ಇನ್ನೊಬ್ಬರಿಗೆ ಅದು ಕೇಳಿಸುತ್ತದೆ. ಮೋಸದ ಉದ್ದೇಶ ಯಾರಿಗೂ ಇಲ್ಲದೆ ಪಂದ್ಯ ಕೆಟ್ಟುಹೋಗುತ್ತದೆ.

ಜೊತೆಗಾರರಾಗಿಯೇ ಇರಲಿ, ಆದರೆ ಬೇರೆ ಬೇರೆ ಕೋಣೆಗಳಲ್ಲಿ, ಬಾಗಿಲು ಹಾಕಿಕೊಂಡು. ಒಂದೇ ಕೋಣೆ ಇದ್ದರೆ ವಿಡಿಯೋ ಇರುವ ತಾಣ ಒಳ್ಳೆಯದು. 2020ರಲ್ಲಿ ಬಂದ ರಿಯಲ್‌ಬ್ರಿಜ್‌ನಲ್ಲಿ ಮೇಜಿನ ನಾಲ್ವರೂ ಒಬ್ಬರನ್ನೊಬ್ಬರು ನೋಡುತ್ತಾ, ಮಾತಾಡುತ್ತಾ ಆಡಬಹುದು. ಮುಖ ಕಂಡಾಗ ಅರ್ಧ ಅನುಮಾನ ಹುಟ್ಟುವುದೇ ಇಲ್ಲ. ಪಂದ್ಯ ಮುಗಿಯುವವರೆಗೆ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಒಂದಕ್ಷರವನ್ನೂ ಬರೆಯಕೂಡದು. ಬರೀ ಒಂದು ನಗುಮುಖವೂ ಸುದ್ದಿಯೇ.

ಪ್ರಶ್ನೆ: ಒಂದು ಜೋಡಿ ಎಲ್ಲ ಎಲೆಗಳನ್ನೂ ನೋಡಿದವರಂತೆ ಆಡುತ್ತದೆ ಎಂದು ಮೂವರು ನನಗೆ ಗುಟ್ಟಾಗಿ ಹೇಳಿದ್ದಾರೆ. ನಾನು ನಡೆಸುವವನು. ರಾತ್ರಿ ನಿದ್ದೆ ಬರುತ್ತಿಲ್ಲ.

ನಿಮ್ಮ ಸಂಕಟ ನನಗೆ ಗೊತ್ತು. ಆ ಜೋಡಿ ನಿರ್ದೋಷಿಗಳಾಗಿದ್ದರೆ ಒಂದು ಮಾತಿನಿಂದ ಅವರ ಮರ್ಯಾದೆ ಹೋಗುತ್ತದೆ. ತಪ್ಪಿತಸ್ಥರಾಗಿದ್ದರೆ ನಿಮ್ಮ ಮೌನದಿಂದ ಉಳಿದವರ ನಂಬಿಕೆ ಹೋಗುತ್ತದೆ. ಆದ್ದರಿಂದ ಮೊದಲು ಬಾಗಿಲು ಮುಚ್ಚಿ, ಆಮೇಲೆ ಹುಡುಕಿ.

ಬಾಗಿಲು ಯಾವುದೆಂದರೆ ಪ್ರೇಕ್ಷಕರ ಕುರ್ಚಿ. ಎಲ್ಲರ ಎಲೆಗಳನ್ನೂ ಪ್ರೇಕ್ಷಕರು ನೋಡಬಹುದಾದ ಮೇಜಿಗೆ ಆಟಗಾರನೇ ಇನ್ನೊಂದು ಹೆಸರಿನಲ್ಲಿ ಬಂದು ಕೂರಬಹುದು. ಹಾಗಾಗಿ ಪ್ರೇಕ್ಷಕರಿಗೆ ಪ್ರವೇಶವೇ ಬೇಡ. ಎರಡೂ ಮೇಜುಗಳು ಒಂದೇ ಸಮಯಕ್ಕೆ ಶುರುವಾಗಲಿ. ಇದನ್ನು ಎಲ್ಲರಿಗೂ ಅನ್ವಯವಾಗುವ ಹೊಸ ಏರ್ಪಾಡು ಎಂದು ಪ್ರಕಟಿಸಿ, ಯಾರ ಹೆಸರನ್ನೂ ಎತ್ತಬೇಡಿ. ಇದಾದ ಮೇಲೆ ಆ ಜೋಡಿಯ ಆಟ ಹಾಗೆಯೇ ಉಳಿಯಿತೇ, ಬದಲಾಯಿತೇ ಎಂಬುದೇ ನಿಮಗೆ ಸಾಕಷ್ಟು ಹೇಳುತ್ತದೆ.

ಇನ್ನು ಹುಡುಕುವುದು. ಒಂದು ಬೋರ್ಡ್ ಏನನ್ನೂ ಸಾಬೀತು ಮಾಡುವುದಿಲ್ಲ. ರಾಣಿ ಯಾರ ಕೈಯಲ್ಲಿದ್ದಾಳೆಂಬ ಊಹೆಯಲ್ಲಿ ಕಣ್ಣು ಮುಚ್ಚಿಕೊಂಡವರೂ ಅರ್ಧದಷ್ಟು ಸಲ ಗೆಲ್ಲುತ್ತಾರೆ. ಸೋತವರಿಗೆ ಮಾತ್ರ ಆ ಒಂದು ಬೋರ್ಡ್ ಮರೆಯುವುದಿಲ್ಲ. ವಿಶ್ವಮಟ್ಟದ ಕೆಲವು ಜೋಡಿಗಳ ಗುಪ್ತ ಸಂಕೇತಗಳು 2015ರಲ್ಲಿ ಬಯಲಾದದ್ದು ಹೇಗೆ ಗೊತ್ತೇ? ಆಟಗಾರರೇ ಕುಳಿತು ಪಂದ್ಯಗಳ ವಿಡಿಯೋಗಳನ್ನು ಹಂಚಿಕೆಯಿಂದ ಹಂಚಿಕೆಗೆ ಹೋಲಿಸಿ, ಒಂದು ಚಲನೆ ಒಂದು ಅರ್ಥದೊಂದಿಗೆ ಮತ್ತೆ ಮತ್ತೆ ಕೂಡಿಬರುವುದನ್ನು ತೋರಿಸಿದರು. ನೀವೂ ಹಾಗೆ ದಾಖಲೆಗಳನ್ನು ನೋಡಿ. ಎಲೆ ಕಾಣದವರು ಎಂದೂ ಮಾಡದ, ಕಂಡವರು ಮಾತ್ರ ಮಾಡುವ ಆಯ್ಕೆಗಳು ಎಷ್ಟಿವೆ? ಅವು ಫಲಿಸದೆ ಹೋದ ಬೋರ್ಡುಗಳು ಎಷ್ಟು? ಫಲಿಸದವನ್ನು ಬಿಟ್ಟು ಫಲಿಸಿದವನ್ನಷ್ಟೇ ಎಣಿಸಿದರೆ ಯಾರನ್ನು ಬೇಕಾದರೂ ಕಳ್ಳರನ್ನಾಗಿ ಮಾಡಬಹುದು. ನಿಮಗಿಂತ ಚೆನ್ನಾಗಿ ಆಡುವ, ಪಂದ್ಯಾವಳಿಗೆ ಸೇರದ ಒಬ್ಬರಿಗೆ ಹೆಸರು ತೆಗೆದು ಆ ದಾಖಲೆಗಳನ್ನು ತೋರಿಸಿ.

ತಡವಾಗಿ ಆಡಿದ್ದನ್ನು ಮಾತ್ರ ಸಾಕ್ಷಿಯಾಗಿ ಎಣಿಸಬೇಡಿ. ಮೇಜಿನ ಮುಂದೆ ಕುಳಿತಾಗ ತಡವರಿಕೆಗೆ ಅರ್ಥವಿರಬಹುದು. ಅಂತರ್ಜಾಲದಲ್ಲಿ ಅದು ಜಾಲದ ನಿಧಾನವೋ, ಬಾಗಿಲಿಗೆ ಬಂದ ಯಾರೋ ಆಗಿರಬಹುದು.

ಎಲ್ಲ ಆದ ಮೇಲೂ ಅನುಮಾನ ಗಟ್ಟಿಯಾದರೆ ಆ ಇಬ್ಬರನ್ನೇ ಕರೆದು, ನಾಲ್ಕು ಕಣ್ಣಿಗೆ ಕಾಣದಂತೆ, ಬೋರ್ಡುಗಳನ್ನು ಮುಂದಿಟ್ಟು "ಇಲ್ಲಿ ಏನು ಯೋಚಿಸಿದಿರಿ?" ಎಂದು ಕೇಳಿ. ಚೆನ್ನಾಗಿ ಆಡುವವರು ಕಾರಣವನ್ನು ಉತ್ಸಾಹದಿಂದ ವಿವರಿಸುತ್ತಾರೆ. ಮೂವರು ದೂರುದಾರರಿಗೆ ಇವತ್ತೇ ಒಂದು ಸಾಲು ಬರೆಯಿರಿ: ದೂರು ತಲುಪಿದೆ, ನೋಡುತ್ತಿದ್ದೇನೆ, ಅಲ್ಲಿಯವರೆಗೆ ಬೇರೆ ಯಾರೊಂದಿಗೂ ಮಾತಾಡಬೇಡಿ. ಆಮೇಲೆ ಮಲಗಿ.

ಪ್ರಶ್ನೆ: ಬೆರಳು ತಪ್ಪಿ ಬೇರೆ ಎಲೆ ಬಿದ್ದರೆ ವಾಪಸ್ ಕೊಡಬಹುದೇ?

ಬಿಡ್ ಮಾಡುವಾಗ ಬೆರಳು ತಪ್ಪಿದ್ದಾದರೆ ಕೊಡಿ. ಒಂದು ಸ್ಪೇಡ್ ಒತ್ತಲು ಹೋಗಿ ಏಳು ಸ್ಪೇಡ್ ಒತ್ತಿದವರನ್ನು ದಂಡಿಸಿ ಯಾರಿಗೂ ಸುಖವಿಲ್ಲ. ಮನಸ್ಸು ಬದಲಾದದ್ದಕ್ಕೆ ಇಲ್ಲ. ಎಲೆ ಆಡುವಾಗ ಯಾವ ಕಾರಣಕ್ಕೂ ಇಲ್ಲ, ಏಕೆಂದರೆ ಆ ಎಲೆ ಆಗಲೇ ಎಲ್ಲರ ಕಣ್ಣಿಗೆ ಬಿದ್ದಿದೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ತುಂಬಾ ಚೆನ್ನಾಗಿ ಆಡುತ್ತಾರೆ, ಆದರೆ ಜೊತೆಗಾರರನ್ನು ಆಟದ ನಡುವೆಯೇ ಬೈಯುತ್ತಾರೆ. ಅವರನ್ನು ಬಿಟ್ಟರೆ ತಂಡ ಸೋಲುತ್ತದೆ.

ಸೋಲಲಿ. ನಾನು ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಮೊದಲ ಪಂದ್ಯಾವಳಿಯಲ್ಲೇ ಜೊತೆಗಾರರಿಂದ ಬೈಸಿಕೊಂಡು ಎಲೆಯನ್ನೇ ಬಿಟ್ಟುಬಿಟ್ಟ ಒಬ್ಬ ಯುವತಿಯನ್ನು ನಾನು ಬಲ್ಲೆ. ಆಕೆ ಆ ದಿನ ಕೈಬಿಟ್ಟದ್ದು ಒಂದು ಹೆಚ್ಚುವರಿ ಟ್ರಿಕ್, 30 ಅಂಕ, ಕೋಷ್ಟಕದಲ್ಲಿ 1 ಇಂಪ್. ಅದಕ್ಕಾಗಿ ನಾವು ಒಬ್ಬ ಆಟಗಾರ್ತಿಯನ್ನು ಕಳೆದುಕೊಂಡೆವು.

ಬ್ರಿಜ್ ನಿಯಮಗಳ 74ನೆಯ ನಿಯಮ ಸೌಜನ್ಯದ ಬಗ್ಗೆಯೇ ಇದೆ. ಇನ್ನೊಬ್ಬ ಆಟಗಾರರಿಗೆ ಕಿರಿಕಿರಿಯನ್ನೋ ಮುಜುಗರವನ್ನೋ ತರುವ ಮಾತನ್ನು ಅದು ಬೇಡವೆನ್ನುತ್ತದೆ, ಜೊತೆಗಾರರೂ ಅದರಲ್ಲಿ ಸೇರಿದ್ದಾರೆ. ನಿಮ್ಮ ನಿಯಮಪತ್ರದಲ್ಲಿ ಇದನ್ನು ಹೀಗೆ ಇಳಿಸಿ: ಪಂದ್ಯ ಮುಗಿಯುವವರೆಗೆ ಮೇಜಿನ ಚಾಟ್‌ನಲ್ಲಿ ಆಡಿ ಮುಗಿದ ಬೋರ್ಡಿನ ವಿಮರ್ಶೆ ಇಲ್ಲ. ಬಿಡ್ ಗೆದ್ದವರು ಆಡುವಾಗ ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿ, ಆ ಬೋರ್ಡಿನಲ್ಲಿ ತಾವು ಆಡದೆ ಕೈಕಟ್ಟಿ ಕುಳಿತ ಜೊತೆಗಾರರಿಗೆ ಟೈಪ್ ಮಾಡಲು ಬಿಡುವು ಹೆಚ್ಚು, ಬೈಗುಳ ಬರುವುದೂ ಹೆಚ್ಚಾಗಿ ಅಲ್ಲಿಂದಲೇ. ಮೊದಲ ಸಲ ತಂಡದ ನಾಯಕರ ಮೂಲಕ ಎಚ್ಚರಿಕೆ, ಎರಡನೆಯ ಸಲ ಆ ಸುತ್ತಿನಿಂದ ಹೊರಗೆ. ಆ ಆಟಗಾರರೊಂದಿಗೆ ನೀವೇ ಮಾತಾಡಿ. ಬೈಸಿಕೊಂಡ ಜೊತೆಗಾರ ಮುಂದಿನ ಮೂರು ಬೋರ್ಡುಗಳಲ್ಲಿ ಹೆದರಿ ಆಡುತ್ತಾನೆ ಎಂಬ ವಾದ ಗೆಲುವನ್ನು ಬಯಸುವವರ ಕಿವಿಗೆ ಬೀಳುತ್ತದೆ.

ಪ್ರಶ್ನೆ: ನಮ್ಮದು ಬ್ರಿಜ್ ಅಲ್ಲ. ಆಟಗಾರರೇ ಎಲೆ ಆರಿಸಿ ಡೆಕ್ ಕಟ್ಟಿಕೊಳ್ಳುವ ಆಟ, ಇಬ್ಬರ ನಡುವಿನದು. ಇದರಲ್ಲಿ ತಂಡ ಮಾಡುವುದು ಹೇಗೆ?

ಮೂವರ ತಂಡ ಮಾಡಿ. ಒಂದು ತಂಡದ ಮೊದಲನೆಯವರು ಇನ್ನೊಂದರ ಮೊದಲನೆಯವರೊಂದಿಗೆ, ಎರಡನೆಯವರು ಎರಡನೆಯವರೊಂದಿಗೆ, ಹೀಗೆ ಮೂರು ಪಂದ್ಯಗಳು ಏಕಕಾಲಕ್ಕೆ. ಪ್ರತಿ ಪಂದ್ಯದಲ್ಲಿ ಮೂರರಲ್ಲಿ ಎರಡು ಆಟ ಗೆದ್ದವರು ಮೇಲು, ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದ ತಂಡ ಮೇಲು. ಬೆಸಸಂಖ್ಯೆ ಇರುವುದರಿಂದ ಸಮವಾಗುವ ಪ್ರಶ್ನೆಯೇ ಬಾರದು.

ಡೆಕ್ ಕಟ್ಟಿಕೊಂಡು ಆಡುವ ಮ್ಯಾಜಿಕ್: ದಿ ಗ್ಯಾದರಿಂಗ್ ಆಟದ ಮೂವರ ತಂಡಗಳಲ್ಲಿ ಚೆಂದದ ಒಂದು ರೂಢಿಯಿದೆ. ಜೊತೆಯವರು ಆಟದ ನಡುವೆ ಒಬ್ಬರಿಗೊಬ್ಬರು ಸಲಹೆ ಕೊಡಬಹುದು. ಬ್ರಿಜ್‌ಗೆ ಇದು ನೇರ ವಿರುದ್ಧ. ಮ್ಯಾಜಿಕ್‌ನಲ್ಲಿ ಮೂವರೂ ಬೇರೆ ಬೇರೆ ಆಟ ಆಡುತ್ತಿರುವುದರಿಂದ ಮಾತಿನಿಂದ ಗುಟ್ಟು ಹೋಗುವುದಿಲ್ಲ, ಹೊಸಬರು ಹಳಬರಿಂದ ಕಲಿಯುತ್ತಾರೆ. ಗೆಳೆಯರ ಕೂಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ನೀವೂ ಅದಕ್ಕೆ ಅವಕಾಶ ಕೊಡಿ. ಒಂದು ತಂಡದ ಮೂರು ಡೆಕ್‌ಗಳಲ್ಲಿ ಒಂದೇ ವಿಶೇಷ ಎಲೆ ಎರಡು ಕಡೆ ಇರಬಾರದೆಂದೂ ನಿಯಮ ಮಾಡಬಹುದು. ಆಗ ಅತಿ ಬಲವಾದ ಒಂದೇ ಡೆಕ್ ಎಲ್ಲ ಮೇಜುಗಳಲ್ಲೂ ಕಾಣುವ ಬೇಸರ ತಪ್ಪುತ್ತದೆ. ಡೆಕ್‌ಗಳ ಪಟ್ಟಿ ಮೊದಲ ಸುತ್ತಿಗೆ ಒಂದು ದಿನ ಮುಂಚೆ ನಿಮ್ಮ ಕೈಸೇರಬೇಕು, ಆಮೇಲೆ ಬದಲಾವಣೆ ಇಲ್ಲ. ಪಟ್ಟಿಗಳನ್ನು ತೋರಿಸುವುದಾದರೆ ಎರಡೂ ತಂಡಗಳಿಗೆ ಒಂದೇ ಕ್ಷಣದಲ್ಲಿ ತೋರಿಸಿ.

ಪ್ರಶ್ನೆ: ಪ್ರವೇಶಧನ ತೆಗೆದುಕೊಂಡು ಗೆದ್ದವರಿಗೆ ಹಣ ಕೊಡಬಹುದೇ?

ಬೇಡ. ಹಣ ಬಂದ ಕೂಡಲೇ ಕಾನೂನಿನ ಪ್ರಶ್ನೆ ಬರುತ್ತದೆ, ಮೇಲೆ ಹೇಳಿದ ಪ್ರತಿಯೊಂದು ಚಿಕ್ಕ ತಕರಾರೂ ದೊಡ್ಡ ಜಗಳವಾಗುತ್ತದೆ.

ಪ್ರಶ್ನೆ: ಪಂದ್ಯಾವಳಿ ಮುಗಿದ ಮೇಲೆ ನಡೆಸುವವರ ಕೆಲಸ ಏನಾದರೂ ಉಳಿಯುತ್ತದೆಯೇ?

ನನಗೆ ಅತ್ಯಂತ ಪ್ರಿಯವಾದ ಕೆಲಸ ಆಗಲೇ ಶುರುವಾಗುತ್ತದೆ. ಎಲ್ಲ ಬೋರ್ಡುಗಳ ದಾಖಲೆಗಳನ್ನು ತಾಣದಿಂದ ಇಳಿಸಿಟ್ಟುಕೊಳ್ಳಿ. ಪ್ರತಿ ಬಿಡ್, ಪ್ರತಿ ಎಲೆ ಅದರಲ್ಲಿರುತ್ತದೆ. ಒಂದು ವಾರದೊಳಗೆ ಎಲ್ಲ ತಂಡಗಳನ್ನೂ ಒಂದು ವಿಡಿಯೋ ಕರೆಯಲ್ಲಿ ಸೇರಿಸಿ ನಾಲ್ಕೈದು ಬೋರ್ಡುಗಳನ್ನು ಮತ್ತೆ ಬಿಡಿಸಿ ನೋಡಿ. ಆರಿಸುವಾಗ ಗೆದ್ದ ತಂಡದ ಬೋರ್ಡುಗಳಿಗೇ ಹೋಗಬೇಡಿ. ಕೊನೆಯ ಸ್ಥಾನದ ತಂಡದ ಫಲಿತಾಂಶಗಳನ್ನು ಮೊದಲು ತೆರೆಯಿರಿ. ಒಮ್ಮೆ ಹಾಗೆ ನೋಡುವಾಗ, ಮೊದಲ ಎರಡು ಸ್ಥಾನಗಳ ತಂಡಗಳು ಸೋತಿದ್ದ ತುರುಫಿಲ್ಲದ ಮೂರರ ಆಟವನ್ನು (ತುರುಫಿಲ್ಲದೆ ಒಂಬತ್ತು ಟ್ರಿಕ್ ಗೆಲ್ಲಬೇಕಾದದ್ದು) ಪಟ್ಟಿಯ ತಳದಲ್ಲಿದ್ದ ಜೋಡಿ ಗೆದ್ದಿರುವುದು ಸಿಕ್ಕಿತು. ಮೊದಲ ಟ್ರಿಕ್‌ನಲ್ಲಿ ಎಕ್ಕವನ್ನು ತಡೆಹಿಡಿದು ಎದುರಾಳಿಗಳ ನಡುವಿನ ದಾರಿ ಕಡಿದದ್ದೇ ಅವರ ಗೆಲುವು. ಅದನ್ನು ಆಡಿದವರೇ ಎಲ್ಲರಿಗೂ ವಿವರಿಸಿದರು, ಮುಂದಿನ ಪಂದ್ಯಾವಳಿಗೆ ಮೊದಲು ಹೆಸರು ಕೊಟ್ಟ ತಂಡವೂ ಅವರದೇ.

ಮುಂದಿನ ಸಲದ ದಿನಾಂಕವನ್ನು ಆ ಕರೆಯಲ್ಲೇ ನಿಶ್ಚಯಿಸಿಬಿಡಿ. ಮತ್ತೆ ಅಷ್ಟು ಜನ ಒಟ್ಟಿಗೆ ಸಿಗುವುದು ಕಷ್ಟ.